ರಾಶಿಯ ಮುಂದೆ ಆಡಬಾರದ ಮಾತು

ಆ ವರ್ಷದ ಕಡಲೆ ರಾಶಿ ಮುಗಿಯುವುದರೊಳಗೆ ಯಾರಾದರೂ ಬಂಡವಾಳ ಹಾಕದಿದ್ದರೆ ನಮ್ಮ ಕಂಪನಿಯನ್ನು ಮುಚ್ಚಬೇಕಿತ್ತು. ಕಂಪನಿ ಎಂದರೆ ಕೇಳುವವರಿಗೆ ದೊಡ್ಡದೇನೋ ಅನ್ನಿಸುತ್ತದೆ. ಬೆಟಗೇರಿಯಲ್ಲಿ ಚಿಕ್ಕಪ್ಪ ಮಗ್ಗ ತೆಗೆಸಿದ ಮೇಲೆ ಖಾಲಿ ಬಿದ್ದಿದ್ದ ಕೋಣೆ, ಅದರಲ್ಲಿ ಎರಡು ಮೇಜು, ಒಂದು ಫ್ಯಾನು, ನಾನು, ಕಾಲೇಜಿನಲ್ಲಿ ನನ್ನ ಜೊತೆ ಓದಿದ ಪಾಲುದಾರ. ಇಷ್ಟೇ. ಮಗ್ಗದ ಕುಣಿಯನ್ನು ಹಲಗೆಯಿಂದ ಮುಚ್ಚಿದ್ದೆವು. ಕುರ್ಚಿ ಸರಿಸುವಾಗ ಕಾಲು ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಬೇಕಿತ್ತು. ಪ್ರೋಗ್ರಾಂ ಬರೆಯುವುದು ಅವನ ಕೆಲಸ. ಊರೂರು ತಿರುಗಿ ಅದನ್ನು ಜನರಿಗೆ ಒಪ್ಪಿಸುವುದು, ಹಣ ಇದ್ದವರ ಬಾಗಿಲಲ್ಲಿ ನಿಲ್ಲುವುದು ನನ್ನ ಪಾಲಿಗೆ ಬಂದಿತ್ತು.

ನಾವು ಮಾಡಿದ್ದು ಕಾಳು ಒಕ್ಕುವ ರಾಶಿ ಮಷಿನ್‌ಗಳ ಆ್ಯಪ್. ಕಡಲೆ ಕಿತ್ತು ಬಣವೆ ಒಟ್ಟಿದ ಮೇಲೆ ರೈತ ಹತ್ತು ಜನರಿಗೆ ಫೋನ್ ಮಾಡಿ ಮಷಿನ್ ಹುಡುಕುತ್ತಾನೆ. ಅದೇ ಹೊತ್ತಿಗೆ ಟ್ರ್ಯಾಕ್ಟರಿಗೆ ಮಷಿನ್ ಕಟ್ಟಿಕೊಂಡ ಮಾಲೀಕ ಒಂದು ಊರಿನಲ್ಲಿ ಕೆಲಸ ಮುಗಿಸಿ, ಪಕ್ಕದ ಹೊಲದಲ್ಲೇ ಇನ್ನೊಬ್ಬ ಕಾಯುತ್ತಿರುವುದು ಗೊತ್ತಿಲ್ಲದೆ ಡೀಸೆಲ್ ಸುಟ್ಟುಕೊಂಡು ಖಾಲಿ ಮಷಿನ್ ಎಳೆದು ಮನೆಗೆ ಬರುತ್ತಾನೆ. ನಮ್ಮ ಆ್ಯಪ್ ಇವರಿಬ್ಬರನ್ನು ಸೇರಿಸಿ, ಹತ್ತಿರದ ಹೊಲಗಳನ್ನೆಲ್ಲ ಒಂದೇ ಸಾಲಿನಲ್ಲಿ ಜೋಡಿಸಿ ಕೊಡುತ್ತಿತ್ತು. ಮಾಲೀಕರಿಗೆ ಚೀಲದ ಲೆಕ್ಕದಲ್ಲಿ ಕೂಲಿ. ಅದರಲ್ಲಿ ಚೀಲಕ್ಕೆ ಇಷ್ಟೆಂದು ಸ್ವಲ್ಪ ನಮಗೆ. ಚೀಲ ತುಂಬಿದಂತೆಲ್ಲ ಒತ್ತಲಿ ಎಂದು ಪರದೆಯ ಮೇಲೆ ಕೂಡಿಸುವ ಗುರುತಿನ ದೊಡ್ಡ ಹಸಿರು ಗುಂಡಿ ಇಟ್ಟಿದ್ದೆವು.

ಪ್ರಚಾರಕ್ಕೆ ನಾನು ಮಾಡದ ಕಸರತ್ತಿಲ್ಲ. ಲಕ್ಷ್ಮೇಶ್ವರದ ಸಂತೆಯಲ್ಲಿ ಆಟೋಕ್ಕೆ ಮೈಕ್ ಕಟ್ಟಿಸಿ ನಾನೇ ಕೂಗಿದೆ. ಉಳ್ಳಾಗಡ್ಡಿ ಮಾರುವ ಹೆಂಗಸೊಬ್ಬಳು ಎದ್ದು ಬಂದು, ನಿನ್ನ ಒದರಾಟದಲ್ಲಿ ನನ್ನ ಮಾತು ಯಾರಿಗೂ ಕೇಳಿಸುತ್ತಿಲ್ಲ, ಆಚೆ ಹೋಗು ಎಂದು ಗದರಿಸಿದಳು. ಶಿರಹಟ್ಟಿಯ ಗ್ಯಾರೇಜು, ಬೀಜದ ಅಂಗಡಿ, ಚಹಾದಂಗಡಿಗಳ ಗೋಡೆಗೆ ಹಚ್ಚಿದ ಪೋಸ್ಟರುಗಳ ಮೇಲೆ ವಾರದೊಳಗೆ ಟ್ಯೂಷನ್ ಕ್ಲಾಸಿನವರ ಪೋಸ್ಟರುಗಳು ಬಂದು ಕೂತವು. ಇದರಿಂದೆಲ್ಲ ಬಂದವರು ಬೆರಳೆಣಿಕೆಯ ಮಂದಿ.

ನಮ್ಮನ್ನು ಎತ್ತಿ ನಿಲ್ಲಿಸಿದವರು ಮುಂಡರಗಿ ಕಡೆಯ ಒಬ್ಬ ಮಷಿನ್ ಮಾಲೀಕರು. ನಡುವಯಸ್ಸಿನವರು. ತಮ್ಮ ಟ್ರ್ಯಾಕ್ಟರನ್ನು ತಾವೇ ಓಡಿಸುತ್ತಿದ್ದರು, ಮಾತು ಕಡಿಮೆ. ಗ್ಯಾರೇಜಿನಲ್ಲಿ ಬೆಲ್ಟ್ ಬದಲಿಸುತ್ತ ನನ್ನ ಭಾಷಣವನ್ನೆಲ್ಲ ಕೇಳಿ, ಕೈ ಒರೆಸಿಕೊಂಡು ಫೋನ್ ಮುಂದೆ ಚಾಚಿದರು. ಒಂದು ಸುಗ್ಗಿ ನೋಡಿದ ಮೇಲೆ ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯ ಮಾಲೀಕರಿಗೆಲ್ಲ ತಾವೇ ಹೇಳಿದರು. ನಾನು ಮೈಕ್ ಹಚ್ಚಿ ಆಗದ್ದು ಅವರ ಒಂದು ಮಾತಿನಿಂದ ಆಯಿತು. ನಮ್ಮ ಪಟ್ಟಿಯಲ್ಲಿದ್ದ ಮಾಲೀಕರೆಲ್ಲ ಅವರನ್ನು ನಂಬಿ ಬಂದವರೇ ಹೊರತು ನಮ್ಮನ್ನಲ್ಲ.

ಇತ್ತ ಬಂಡವಾಳದ ಕಥೆ ಬೇರೆ. ಲ್ಯಾಪ್‌ಟಾಪ್ ಹೊತ್ತು ಹುಬ್ಬಳ್ಳಿ, ಧಾರವಾಡ ತಿರುಗಿದೆ. ಸ್ಪರ್ಧೆಗಳಲ್ಲಿ, ಹೋಟೆಲಿನ ಎಸಿ ಹಾಲುಗಳಲ್ಲಿ ಅವರು ಕೊಟ್ಟ ಚೂರು ಹೊತ್ತಿನಲ್ಲಿ ಬಣವೆಯಿಂದ ಚೀಲದವರೆಗಿನ ಕಥೆ ಹೇಳಿ ಮುಗಿಸುವುದನ್ನು ಕಲಿತೆ. ಎಲ್ಲರೂ ‘ಐಡಿಯಾ ಚೊಲೋ ಐತಿ’ ಅನ್ನುತ್ತಿದ್ದರು. ಆ ಮಾತು ಕೇಳಿದರೆ ನನಗೆ ಮೈ ಉರಿಯತೊಡಗಿತು. ಒಬ್ಬರು ಬಳಕೆದಾರರ ಸಂಖ್ಯೆಗೆ ಇನ್ನೊಂದು ಸೊನ್ನೆ ಸೇರಿದಾಗ ಬನ್ನಿ ಎಂದರು. ಇನ್ನೊಬ್ಬರು ನನ್ನ ಮದುವೆ ಯಾವಾಗ, ಆಮೇಲೆ ಕಂಪನಿ ನೋಡಿಕೊಳ್ಳುವವರು ಯಾರು ಎಂದು ಕೇಳಿದರು. ನಾನು ಮೊದಲೇ ಸಿಟ್ಟಿನವಳು. ಆದರೂ ಹಲ್ಲು ಕಚ್ಚಿ ನಕ್ಕು ಬಂದೆ. ಹಣ ಕೇಳಲು ಹೋದವರಿಗೆ ಸಿಟ್ಟು ಮಾಡಿಕೊಳ್ಳುವ ಸ್ವಾತಂತ್ರ್ಯವೂ ಇರುವುದಿಲ್ಲ.

ಪಾಲುದಾರನಿಗೆ ಹುಬ್ಬಳ್ಳಿಯ ಒಂದು ಕಂಪನಿಯಿಂದ ಕೆಲಸದ ಕರೆ ಬಂದಿತ್ತು. ಅವನು ಅವರಿಗೆ ಇವತ್ತು, ನಾಳೆ ಎನ್ನುತ್ತ ಬಂದಿದ್ದ. ಹುಲಕೋಟಿಯಲ್ಲಿ ಅವನ ಮನೆಯವರು ಊಟಕ್ಕೆ ಬಡಿಸುವಾಗಲೂ ಅದನ್ನೇ ಎತ್ತುತ್ತಿದ್ದರಂತೆ. ಅವನು ಹೊರಟರೆ ಆ್ಯಪ್ ಕೆಟ್ಟಾಗ ಸರಿಮಾಡಲು ನನಗೆ ಬರುತ್ತಿರಲಿಲ್ಲ. ಹೀಗೆ ದಿನ ದೂಡುತ್ತಿದ್ದಾಗ ಹುಬ್ಬಳ್ಳಿಯ ಒಬ್ಬ ಹೂಡಿಕೆದಾರರು ಭೇಟಿಗೆ ಕರೆದರು. ಅವರದು ಬೇಳೆ ಮಿಲ್ಲು. ಇತ್ತೀಚೆಗೆ ಹೊಸ ಕಂಪನಿಗಳಿಗೂ ಹಣ ಹಾಕತೊಡಗಿದ್ದರು.

ಅವರು ನನ್ನ ಸ್ಲೈಡುಗಳನ್ನು ಸರಿಯಾಗಿ ನೋಡಲೇ ಇಲ್ಲ. ಒಂದೇ ಪ್ರಶ್ನೆ ಕೇಳಿದರು: ಚೀಲದ ಲೆಕ್ಕ ನಿಮಗೆ ಯಾವಾಗ ಗೊತ್ತಾಗುತ್ತದೆ? ಹೊಲದಲ್ಲೇ, ಚೀಲ ತುಂಬಿದ ಕ್ಷಣಕ್ಕೇ ಎಂದೆ. ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಅಷ್ಟು ದಿನದಲ್ಲಿ ನನ್ನ ಮಾತಿಗೆ ಯಾರೂ ಕುರ್ಚಿ ಎಳೆದುಕೊಂಡಿರಲಿಲ್ಲ. ತಾವೇ ಒಂದು ಹೊಲಕ್ಕೆ ಬಂದು ನೋಡುವುದಾಗಿಯೂ, ಲೆಕ್ಕ ಕಣ್ಣೆದುರಿಗೆ ಏರುವುದು ಕಂಡರೆ ಅಲ್ಲೇ ಮಾತು ಪಕ್ಕಾ ಮಾಡುವುದಾಗಿಯೂ ಹೇಳಿದರು. ನಾನು ಹೂಂ ಎಂದೆ. ಆದರೆ ನಾನು ಹೇಳಿದ್ದು ಯಾವ ಹೊಲದಲ್ಲೂ ನಡೆಯುತ್ತಿರಲಿಲ್ಲ.

ನಮ್ಮ ಕಡೆ ರಾಶಿ ಅಳೆಯುವಾಗ ಮೊದಲನೆಯದನ್ನು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎಷ್ಟಾಯಿತು ಎಂದು ಕಣದಲ್ಲಿ ಯಾರೂ ಕೇಳುವುದಿಲ್ಲ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪೂಜೆಯಾಗಿ, ಚೀಲಗಳು ಹೊಲ ಬಿಡುವವರೆಗೆ ಲೆಕ್ಕ ಎತ್ತಿದರೆ ರಾಶಿಯ ಹುಲುಸು ಹೋಗುತ್ತದೆಂಬ ನಂಬಿಕೆ. ಹೀಗಾಗಿ ನಮ್ಮ ಮಷಿನ್ ಮಾಲೀಕರು ಮೊದಲ ಚೀಲ ತುಂಬಿದಾಗ ಲಾಭವೆಂದು ಹಸಿರು ಗುಂಡಿಯನ್ನು ಒಂದು ಸಲ ಒತ್ತಿ, ಭಕ್ತಿಯಿಂದ ಫೋನ್ ಜೇಬಿಗಿಡುತ್ತಿದ್ದರು. ಯಾವ ಊರಿನ ಯಾವ ಹೊಲ ತೆಗೆದು ನೋಡಿದರೂ ಒಂದೇ ಚೀಲ. ಮೊದಲ ಸುಗ್ಗಿಯಲ್ಲಿ ಇದನ್ನು ಕಂಡು ನಾನೂ ಪಾಲುದಾರನೂ ಹೊಟ್ಟೆ ಹಿಡಿದು ನಕ್ಕಿದ್ದೆವು. ಆಮೇಲಿಂದ ದಿನಾ ಸಂಜೆ ಎಲ್ಲರಿಗೂ ಫೋನ್ ಮಾಡಿ, ಚೀಲ ಮನೆ ಮುಟ್ಟಿದ ಮೇಲೆ ಅವರು ಹೇಳಿದ್ದನ್ನು ನಾನೇ ತುಂಬುತ್ತಿದ್ದೆ. ಲೆಕ್ಕದಲ್ಲಿ ಒಂದು ಚೀಲದ ತಪ್ಪೂ ಇರುತ್ತಿರಲಿಲ್ಲ. ಆದರೆ ಅದು ಕಣದಿಂದ ಬಂದ ಲೆಕ್ಕವಲ್ಲ.

ಹೂಡಿಕೆದಾರರಿಗೆ ಇದನ್ನು ಹೇಳಿಬಿಡೋಣವೇ ಎಂದು ಪಾಲುದಾರನನ್ನು ಕೇಳಿದೆ. ಹೇಳಿದರೆ ಅವರು ಬರುವುದೇ ಇಲ್ಲ ಎಂದ. ಅವನ ಉಪಾಯ ಬೇರೆ ಇತ್ತು: ಅವರು ಹೊಲಕ್ಕೆ ಬಂದ ದಿನ ಅವನು ಬೆಟಗೇರಿಯಲ್ಲಿ ಕೂತು ಆಗಾಗ ಒಂದೊಂದು ಚೀಲ ಏರಿಸುತ್ತಾನೆ, ಹೊಲದಲ್ಲಿ ಹೂಡಿಕೆದಾರರ ಫೋನಿನಲ್ಲಿ ಅದು ಕಾಣಿಸುತ್ತದೆ.

“ಸಂಜೀಕ ಖರೆ ಲೆಕ್ಕ ಬಂದ ಬರತೈತಿ, ಆವಾಗ ತಿದ್ದಿದ್ರಾತು,” ಎಂದ. “ಇದೇನ್ ಸುಳ್ಳಲ್ಲ, ಸ್ವಲ್ಪ ಮುಂಚೆ ಹೇಳಿದಂಗ ಅಷ್ಟ.”

ನಾನು ಒಪ್ಪಿದೆ. ಮನಸ್ಸಿಗೆ ಸರಿ ಅನ್ನಿಸಿ ಒಪ್ಪಿದ್ದಲ್ಲ, ಬೇರೆ ದಾರಿ ಕಾಣದೆ ಒಪ್ಪಿದ್ದು. ಮುಂಡರಗಿಯ ಮಾಲೀಕರಿಗೆ ಮಾತ್ರ ಈ ವಿಷಯ ಹೇಳಲು ಬಾಯಿ ಬರಲಿಲ್ಲ. ಹುಬ್ಬಳ್ಳಿಯಿಂದ ಒಬ್ಬ ದೊಡ್ಡವರು ನಿಮ್ಮ ಕೆಲಸ ನೋಡಲು ಬರುತ್ತಾರೆ ಎಂದಷ್ಟೇ ಹೇಳಿದೆ. ಅವರು ಮಷಿನ್ ತೊಳೆಸಿಟ್ಟುಕೊಂಡಿದ್ದರು.

ಅವತ್ತಿನ ಹೊಲ ಕಪ್ಪತಗುಡ್ಡದ ಕೆಳಗಿತ್ತು. ಹೊಲದ ಯಜಮಾನರು ವಯಸ್ಸಾದವರು, ಆದರೆ ಇಡೀ ಕಣ ಅವರ ಕಣ್ಸನ್ನೆಯಲ್ಲಿ ನಡೆಯುತ್ತಿತ್ತು. ಕಾರಿನಲ್ಲಿ ಬರುವಾಗಲೇ ನಾನು ಹೂಡಿಕೆದಾರರಿಗೆ ಎರಡು ಮಾತು ಹೇಳಿಟ್ಟಿದ್ದೆ. ಕಣದ ಹತ್ತಿರ ಚಪ್ಪಲಿ, ಬೂಟು ಹಾಕುವಂತಿಲ್ಲ. ಎಷ್ಟು ಚೀಲ ಆಯಿತು ಎಂದು ಯಾರನ್ನೂ ಕೇಳುವಂತಿಲ್ಲ. ಅವರು ಸಂತೋಷದಿಂದಲೇ ಒಪ್ಪಿ, ಬೂಟಿನ ಜೊತೆಗೆ ಸಾಕ್ಸನ್ನೂ ಬಿಚ್ಚಿ ಬದುವಿನ ಮೇಲಿಟ್ಟು, ಎರಿಮಣ್ಣಿನ ಹೆಂಟೆಗಳ ಮೇಲೆ ಕುಂಟುತ್ತ ಬಂದರು.

ಯಜಮಾನರು ಮಡಚಿದ ಚೀಲಗಳ ಮೇಲೆ ಅವರನ್ನು ಕೂಡಿಸಿ ಮಜ್ಜಿಗೆ ಕೊಡಿಸಿದರು. ಮಷಿನ್ ಆಗಲೇ ಬೆಳಗಿನಿಂದ ಓಡುತ್ತಿತ್ತು. ಹೆಣ್ಣುಮಕ್ಕಳು ಬಣವೆಯಿಂದ ಹೊರೆ ತಂದು ಕೊಡುತ್ತಿದ್ದರು, ಮೇಲೆ ನಿಂತ ಇಬ್ಬರು ಬಾಯಿಗೆ ನೂಕುತ್ತಿದ್ದರು. ಒಂದು ಕಡೆ ಹೊಟ್ಟು ಗಾಳಿಗೆ ಹಾರಿ ಬೀಳುತ್ತಿತ್ತು, ಇನ್ನೊಂದು ಕಡೆ ಕಡಲೆ ತಾಡಪತ್ರಿಯ ಮೇಲೆ ಸುರಿಯುತ್ತಿತ್ತು. ಮಾಲೀಕರು ಟ್ರ್ಯಾಕ್ಟರಿನ ಪಕ್ಕ ಬೆಲ್ಟಿನ ಮೇಲೆ ಕಣ್ಣಿಟ್ಟು ನಿಂತಿದ್ದರು. ಗುಡ್ಡದ ಕೆಳಗೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲವೆಂದು ನಾನು ಹೆದರಿದ್ದೆ. ಅವತ್ತು ಸಿಕ್ಕಿತು. ಹೂಡಿಕೆದಾರರು ಫೋನ್ ನೋಡುತ್ತ, ಚೀಲಗಳತ್ತ ನೋಡುತ್ತ, ತಲೆಯಾಡಿಸುತ್ತಿದ್ದರು. ಸಂಖ್ಯೆ ಏರಿದಾಗಲೆಲ್ಲ ನನ್ನ ಕಡೆ ತಿರುಗಿ ನಗುತ್ತಿದ್ದರು. ಬೆಟಗೇರಿಯಲ್ಲಿ ಕೂತವನು ಅಚ್ಚುಕಟ್ಟಾಗಿ ಕೆಲಸ ಮಾಡುತ್ತಿದ್ದ. ಇನ್ನೊಂದು ತಾಸು ಹೀಗೇ ಕಳೆದರೆ ಸಾಕು, ಬದುಕಿಕೊಳ್ಳುತ್ತೇವೆ ಎಂದುಕೊಂಡೆ.

ಕೇಳಬೇಡಿ ಎಂದು ನಾನು ಅವರಿಗೆ ಹೇಳಿದ್ದೆ. ನೀವೂ ಹೇಳಬೇಡಿ ಎಂದು ಹೇಳಬೇಕೆಂಬುದು ನನಗೆ ಹೊಳೆದಿರಲಿಲ್ಲ. ಅವರು ಖುಷಿಯಿಂದ ಎದ್ದು, ಫೋನನ್ನು ಯಜಮಾನರ ಮುಖದ ಮುಂದೆ ಹಿಡಿದು, ಮಷಿನ್ ಸದ್ದಿನಲ್ಲಿ ಕೇಳಿಸಲೆಂದು ದೊಡ್ಡ ದನಿಯಲ್ಲಿ ಹೇಳಿದರು:

“ಅಜ್ಜಾರ, ಇಪ್ಪತ್ತೆರಡ ಚೀಲ ಆದೂ ನೋಡ್ರಿ ಆಗಲೇ.”

ಹೊರೆ ತರುತ್ತಿದ್ದ ಹೆಣ್ಣುಮಕ್ಕಳು ನಿಂತಲ್ಲೇ ನಿಂತರು. ಯಜಮಾನರು ಕೈ ಎತ್ತಿದರು. ಮಾಲೀಕರು ತಟ್ಟನೆ ಇಂಜಿನ್ ಬಂದ್ ಮಾಡಿದರು. ಅಷ್ಟು ಹೊತ್ತಿನ ಸದ್ದು ನಿಂತದ್ದೇ ಕಿವಿ ಗುಂಯ್ ಎಂದಿತು. ಯಜಮಾನರು ಹೂಡಿಕೆದಾರರಿಗೆ ಏನೂ ಅನ್ನಲಿಲ್ಲ, ಅವರು ಮನೆಗೆ ಬಂದ ಅತಿಥಿ. ಯಜಮಾನರು ತಿರುಗಿದ್ದು ಮಷಿನ್ ಮಾಲೀಕರ ಕಡೆ.

“ನನ್ನ ಕಣದ ಲೆಕ್ಕ ಹುಬ್ಬಳ್ಳಿ ಸಾವ್ಕಾರ್ರಿಗೆ ಮುಟ್ಟಸಾಕ ಬಂದಿಯೇನಪಾ ನೀ?” ಎಂದರು. ದನಿ ಏರಿಸಲಿಲ್ಲ.

ಮಾಲೀಕರು ಜೇಬಿನಿಂದ ಫೋನ್ ತೆಗೆದು ಎರಡೂ ಕೈಯಲ್ಲಿ ಮುಂದೆ ಹಿಡಿದರು.

“ನಾ ಲಾಭಕ್ಕ ಒಂದ ಸಲ ಒತ್ತೇನ್ರಿ. ಮುಂದ ಮುಟ್ಟಿಲ್ರಿ. ನೀವ ನೋಡ್ರಿ ಬೇಕಾದ್ರ.”

ಯಜಮಾನರ ಮಗ ಬಗ್ಗಿ ನೋಡಿದ. ಪರದೆಯ ಮೇಲೆ ಇಪ್ಪತ್ತೆರಡು ಇತ್ತು. ಎಲ್ಲರೂ ನೋಡುತ್ತಿದ್ದಂತೆಯೇ ಅದು ಇಪ್ಪತ್ಮೂರಾಯಿತು. ಮಷಿನ್ ನಿಂತಿತ್ತು, ಒಂದು ಕಾಳೂ ಬೀಳುತ್ತಿರಲಿಲ್ಲ. ಮಾಲೀಕರ ಕೈಯೊಳಗಿನ ಫೋನು ಅವರ ಮಾತನ್ನೇ ಸುಳ್ಳು ಮಾಡಿತು. ಅವರು ಒಮ್ಮೆ ಫೋನನ್ನು, ಒಮ್ಮೆ ನನ್ನನ್ನು ನೋಡಿದರು. ಏನಾಗುತ್ತಿದೆ ಎಂಬುದು ಅವರಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಿತ್ತು.

ಸುಮ್ಮನಿದ್ದುಬಿಡಬಹುದಿತ್ತು. ಹೂಡಿಕೆದಾರರಿಗೆ ಇನ್ನೂ ಅನುಮಾನ ಬಂದಿರಲಿಲ್ಲ. ಹಳ್ಳಿಯವರ ನಂಬಿಕೆಗೆ ಪೆಟ್ಟಾಯಿತಲ್ಲ ಎಂದು ಅವರು ನೊಂದುಕೊಂಡಂತೆ ಕಾಣುತ್ತಿದ್ದರು. ಸಾಫ್ಟ್‌ವೇರ್ ದೋಷ ಎಂದು ಏನಾದರೂ ಗೊಣಗಿ, ಅವರನ್ನು ಕಾರು ಹತ್ತಿಸಿದ್ದರೆ ಸಹಿ ಸಿಗುತ್ತಿತ್ತೋ ಏನೋ. ಆದರೆ ಆ ಕಣದಲ್ಲಿ ನಿಂತ ಅಷ್ಟೂ ಜನ ಸಂಜೆಗೆ ನಾಲ್ಕು ಊರಲ್ಲಿ ಮಾತಾಡುತ್ತಾರೆ. ಕಣದ ಲೆಕ್ಕ ಹೊರಗೆ ಹಾಕುತ್ತಾನೆ ಎಂದು ಒಮ್ಮೆ ಹೆಸರು ಬಂದರೆ ಆ ಮನುಷ್ಯನ ಮಷಿನ್ನನ್ನು ಯಾರೂ ಹೊಲಕ್ಕೆ ಕರೆಯುವುದಿಲ್ಲ. ಯೋಚಿಸಿ ನಿರ್ಧಾರ ಮಾಡಿದೆ ಎಂದು ಈಗ ಹೇಳಿಕೊಂಡರೆ ಬರಿ ಬಡಾಯಿ. ಅವರು ಫೋನ್ ಹಿಡಿದುಕೊಂಡೇ ನಿಂತಿದ್ದನ್ನು ನೋಡಲಾಗಲಿಲ್ಲ.

“ಅವ್ರು ಒತ್ತಿಲ್ರಿ, ಯಜಮಾನ್ರ,” ಎಂದೆ. “ಅದು ನಿಮ್ಮ ಕಣದ ಲೆಕ್ಕ ಅಲ್ಲ. ಬೆಟಗೇರ್ಯಾಗ ನಮ್ಮಂವ ಕುಂತು ಸುಳ್ಳು ಏರಸಾಕತ್ತಾನ. ಈ ಸಾಹೇಬ್ರಿಗೆ ತೋರಸಾಕ ನಾನ ಹೂಂ ಅಂದಿದ್ದೆ. ಇವ್ರಿಗೆ ಏನೂ ಗೊತ್ತಿಲ್ರಿ.”

ಹೂಡಿಕೆದಾರರು ಮೆಲ್ಲಗೆ, ಹಾಗಾದರೆ ನಿಜವಾದ ಲೆಕ್ಕ ನಿಮಗೆ ಯಾವಾಗ ಬರುತ್ತದೆ ಎಂದು ಕೇಳಿದರು. ಸಂಜೆ, ಚೀಲ ಮನೆ ಮುಟ್ಟಿದ ಮೇಲೆ ಎಂದೆ. ಅವರು ಬದುವಿನ ಕಡೆ ನಡೆದು, ಕೂತು ಸಾಕ್ಸ್ ಹಾಕಿಕೊಂಡರು. ಬೂಟಿನ ಲೇಸು ಕಟ್ಟುತ್ತ ನನ್ನನ್ನು ಕರೆದರು. ಸಿಟ್ಟೇನೂ ಇರಲಿಲ್ಲ ಅವರ ಮುಖದಲ್ಲಿ.

“ತಂಗಿ, ಚೀಲ ಹೊಲದಾಗ ಇರೂದ್ರಾಗ ಲೆಕ್ಕ ಸಿಕ್ರ ನನಗ ಉಪಯೋಗ. ಯಾವ ಊರಾಗ ಎಷ್ಟು ಮಾಲು ಬರತೈತಿ ಅಂತ ಪ್ಯಾಟಿಗಿಂತ ಮೊದಲ ನನಗ ತಿಳೀಬೇಕು. ಮನಿ ಮುಟ್ಟಿದ ಮ್ಯಾಲಿಂದ ತಗೊಂಡ ಏನ್ ಮಾಡ್ಲಿ?”

ನಾನು ಇಷ್ಟು ದಿನ ಮಾರಲು ಹೊರಟಿದ್ದು ಏನನ್ನು ಎಂಬುದು ಆಗ ಅರ್ಥವಾಯಿತು. ರೈತ ಬೆಲೆ ಕೇಳುವ ಮೊದಲೇ ಅವನ ಕಣದಲ್ಲಿ ಎಷ್ಟಿದೆ ಎಂಬುದು ಕೊಳ್ಳುವವನಿಗೆ ಗೊತ್ತಿರಬೇಕು, ಅದಕ್ಕೆ ಅವರು ಹಣ ಹಾಕಲು ಬಂದಿದ್ದರು. ಟ್ರ್ಯಾಕ್ಟರುಗಳು ಖಾಲಿ ಓಡಾಡುವುದು ತಪ್ಪಿತೋ ಇಲ್ಲವೋ ಎಂಬುದು ಅವರಿಗೆ ಮುಖ್ಯವಾಗಿರಲಿಲ್ಲ. ಗದಗಿನವರೆಗೆ ಬಿಡುತ್ತೇನೆ ಬನ್ನಿ ಎಂದು ಸೌಜನ್ಯದಿಂದಲೇ ಕರೆದರು. ನಾನು ಹೋಗಲಿಲ್ಲ. ಕಾರು ಬದು ದಾಟಿ ರಸ್ತೆ ಹಿಡಿದದ್ದನ್ನು ನೋಡುತ್ತ ನಿಂತೆ. ನಮ್ಮ ಕಂಪನಿ ಅದರಲ್ಲೇ ಹೋಯಿತು.

ಯಜಮಾನರು ರಾಶಿಯ ಸುತ್ತ ನೀರು ಚಿಮುಕಿಸಿ, ಕರ್ಪೂರ ಹಚ್ಚಿ, ಕಾಯಿ ಒಡೆದರು. ಆಮೇಲೆ ಮಷಿನ್ ಶುರುವಾಯಿತು. ನನ್ನನ್ನು ಯಾರೂ ಹೋಗು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಚೀಲದ ಬಾಯಿ ಹಿಡಿಯುವ ಕಡೆ ಹೋಗಿ ನಿಂತೆ. ಮಧ್ಯಾಹ್ನ ಯಜಮಾನರ ಸೊಸೆ ರೊಟ್ಟಿ, ಬದನೆಕಾಯಿ ಪಲ್ಲೆ ಕೈಗಿಟ್ಟಾಗ ಅಳು ಬಂದುಬಿಟ್ಟಿತು. ಹೊಟ್ಟಿನ ಧೂಳಿಗೆ ಎಲ್ಲರ ಕಣ್ಣಲ್ಲೂ ನೀರಿತ್ತು, ಹಾಗಾಗಿ ಯಾರಿಗೂ ನನ್ನ ಅಳುವಿನ ಲೆಕ್ಕ ಕೊಡಬೇಕಾಗಲಿಲ್ಲ.

ಹೊತ್ತು ಇಳಿಯುವ ಮುಂಚೆ ಕೆಲಸ ಮುಗಿದು ಚೀಲಗಳೆಲ್ಲ ಟ್ರೇಲರಿಗೆ ಏರಿದವು. ಮೊದಲ ಗಾಲಿ ಬದು ದಾಟಿದ ಮೇಲೆ ಯಜಮಾನರು ಟವೆಲ್ ಜಾಡಿಸಿ ಹೆಗಲಿಗೆ ಹಾಕಿಕೊಂಡು ನನ್ನ ಹತ್ತಿರ ಬಂದರು.

“ಈಗ ಕೇಳ್ರಿ ಯವ್ವಾ,” ಎಂದರು.

ಕೇಳಿದೆ. ಹೇಳಿದರು. ಅವರಿಗೆ ಕೈ ಮುಗಿದೆ. ಆ ಲೆಕ್ಕವನ್ನು ನಾನು ಯಾರಿಗೆ ಹೇಳಬೇಕಿತ್ತೋ ಅವರು ಅಷ್ಟೊತ್ತಿಗೆ ಹುಬ್ಬಳ್ಳಿ ಮುಟ್ಟಿದ್ದರು.

ಪಾಲುದಾರನಿಗೆ ಫೋನ್ ಮಾಡಿದಾಗ ಅವನು ಇನ್ನೂ ಏರಿಸುತ್ತಲೇ ಇದ್ದ. ನಿಲ್ಲಿಸು ಎಂದೆ. ನಡೆದದ್ದೆಲ್ಲ ಹೇಳಿದೆ. ಹುಬ್ಬಳ್ಳಿಯ ಆ ಕೆಲಸಕ್ಕೆ ಹೂಂ ಅಂದುಬಿಡು ಎಂದೂ ಹೇಳಿದೆ. ನೀನೇನು ಮಾಡುತ್ತಿ ಎಂದು ಕೇಳಿದ. ಬಸ್ ತಪ್ಪುತ್ತದೆ ಎಂದು ಫೋನ್ ಇಟ್ಟೆ.

ಮುಂಡರಗಿಯ ಬಸ್‌ಸ್ಟ್ಯಾಂಡಿಗೆ ನನ್ನನ್ನು ಟ್ರ್ಯಾಕ್ಟರಿನಲ್ಲಿ ಮುಟ್ಟಿಸಿದವರು ಮಷಿನ್ ಮಾಲೀಕರೇ. ನಾನು ಇಳಿದ ಮೇಲೆ ಅವರೂ ಇಂಜಿನ್ ಬಂದ್ ಮಾಡಿ ಇಳಿದರು.

“ಅಕ್ಕಾರ, ನೀವು ಖರೆ ಹೇಳಿದ್ರಿ, ನನ್ನ ಮಾನ ಉಳೀತು. ಇಲ್ಲ ಅನ್ನೂದಿಲ್ಲ,” ಎಂದರು. “ಆದ್ರ ನಾಳೆ ಇನ್ನೊಂದ್ ಕಣಕ್ಕ ಹೋದ್ರ ಜನಾ ಮೊದಲ ನನ್ನ ಫೋನ್ ನೋಡ್ತಾರ್ರಿ. ನನ್ನ ಹೆಸರು ತಗದ ಬಿಡ್ರಿ. ನಾ ಕರಕೊಂಡ ಬಂದವ್ರಿಗೂ ನಾನ ಹೇಳ್ಬೇಕು.”

ನನಗೆ ಬೇಡಿಕೊಳ್ಳಬೇಕೆನ್ನಿಸಿತು. ಹಸಿರು ಗುಂಡಿಯನ್ನೇ ತೆಗೆಸುತ್ತೇನೆ, ಇದೊಂದು ಸುಗ್ಗಿ ಇರಿ ಎಂದು ಹೇಳಲು ಬಾಯಿ ತೆರೆದೆ. ಅವರ ಮುಖ ನೋಡಿ ಮುಚ್ಚಿದೆ. ಫೋನಿನಲ್ಲಿ ಅವರ ಹೆಸರು ತೆರೆದು, ತೆಗೆದುಹಾಕು ಎಂಬುದನ್ನು ಒತ್ತಿದೆ. ಖಚಿತವೇ ಎಂದು ಕೇಳಿತು. ಆ ಪ್ರಶ್ನೆಯನ್ನು ಅಲ್ಲಿ ಬರೆಸಿದವಳು ನಾನೇ. ಹೌದು ಎಂದು ಒತ್ತಿ, ಆತ್ರಿ ಎಂದೆ.

ಗದಗಿನ ಬಸ್ಸು ಬಂತು. ಜನ ಮುಗಿಬಿದ್ದರು. ಅವರು ತಮ್ಮ ಟವೆಲನ್ನು ಕಿಟಕಿಯೊಳಗೆ ಎಸೆದು ನನಗೆ ಸೀಟು ಹಿಡಿದು ಕೊಟ್ಟರು. ನಾನು ಕೂತ ಮೇಲೆ ಅದನ್ನು ಕೇಳಿ ಇಸಿದುಕೊಂಡು, ಹುಷಾರಾಗಿ ಹೋಗ್ರಿ ಎಂದು ಹೇಳಿ ಹೋದರು. ಬಸ್ಸು ಊರು ದಾಟುವಷ್ಟರಲ್ಲಿ ಶಿರಹಟ್ಟಿಯಿಂದ ಮೊದಲ ಫೋನ್ ಬಂತು, ಆಮೇಲೆ ಲಕ್ಷ್ಮೇಶ್ವರದಿಂದ. ಯಾರೂ ಬೈಯಲಿಲ್ಲ. ಊಟ ಆಯಿತೇ ಎಂದು ವಿಚಾರಿಸಿ, ಆಮೇಲೆ ತಮ್ಮ ಹೆಸರನ್ನೂ ತೆಗೆಯಲು ಹೇಳಿದರು. ಗದಗ ಬರುವವರೆಗೆ ನಾನು ಅದೇ ಕೆಲಸ ಮಾಡುತ್ತ ಬಂದೆ.